ದವಾಖಾನೆಗೆ ಹೋಗುವಾಗ ಮಾತ್ರ ನಿಲ್ಲುತ್ತಿದ್ದ ಗಾಡಿ

ಆ ದಿನ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ನಾವು ನಾಲ್ಕು ಮಂದಿ ಇದ್ದೆವು. ಆಗತಾನೇ ಶಟರ್ ಎತ್ತಿ ಚಹಾದ ಲೋಟ ಕೈಗೆ ತೆಗೆದುಕೊಂಡಿದ್ದ ನಾನು. ಪಕ್ಕದ ತಗಡಿನ ಶೆಡ್ಡಿನಲ್ಲಿ ಪಂಕ್ಚರ್ ತಿದ್ದುವ ಚಾಚಾ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದ ಹಳೆಯ ಪಿಕಪ್ಪಿನ ಮಾಲೀಕರು. ಆ ಪಿಕಪ್ಪಿನ ಕ್ಯಾಬಿನ್ನಿನಲ್ಲಿ ಶಾಲು ಹೊದ್ದು, ತಲೆಯನ್ನು ಗಾಜಿಗೆ ಆನಿಸಿ ಕುಳಿತಿದ್ದ ಅವರ ಹೆಂಡತಿ. ಟ್ರ್ಯಾಕ್ಟರಿನವನು ಹಗ್ಗ ಬಿಚ್ಚಿಕೊಂಡು ಹಿಂದೆ ನೋಡದೆ ಹೋಗಿಬಿಟ್ಟ. ಅವನನ್ನು ಲೆಕ್ಕಕ್ಕೆ ಹಿಡಿದಿಲ್ಲ.

ನನ್ನದು ವಾಹನಗಳ ಕರೆಂಟಿನ ಕೆಲಸ. ಕಮತಗಿಯಿಂದ ಬಾಗಲಕೋಟೆಗೆ ಹೋಗುವ ರಸ್ತೆಯ ಮಗ್ಗುಲಿಗೆ ಅಂಗಡಿ. ಈ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳು ಒಂದಲ್ಲ ಒಂದು ರೀತಿಯಲ್ಲಿ ನನ್ನ ಬೇವಿನ ಗಿಡದ ನೆರಳಿಗೇ ಬಂದು ಬೀಳುತ್ತವೆ.

"ಮಿಸ್ತ್ರಿ, ಲಗೂನ ನೋಡ್ರಿ," ಅಂದರು ಮಾಲೀಕರು. "ಬಾಗಲಕೋಟಿ ದವಾಖಾನ್ಯಾಗ ಮೊದಲನೇ ಪಾಳಿ ನಮ್ದು. ತಡಾ ಆದ್ರ ಮಷಿನ್ನಿಗೆ ಇನ್ನೊಬ್ಬರನ್ನ ಹಚ್ಚತಾರ."

"ಹಚ್ಚಲಿ ಬಿಡ್ರಿ, ಅವರದೂ ರಕ್ತನ ಅಲ್ಲೇನು?" ಅಂದಿತು ಕ್ಯಾಬಿನ್ನಿನೊಳಗಿನ ದನಿ. "ತಮ್ಮಾ, ನೀ ಚಾ ಕುಡದು ನೋಡು. ಇವ್ರು ಮದಿವಿ ಮುಂದೂ ಹಿಂಗ ಅವಸರಾ ಮಾಡಿದ್ರು. ಅಕ್ಕಿಕಾಳು ಬೀಳೂಕಿಂತ ಮದಲ ತಾಳಿ ಕಟ್ಟಿದ್ರು."

ಇಳಕಲ್ಲಿನ ನೇಕಾರರು ಅವರು. ಮನೆಯಲ್ಲಿ ಕೈಮಗ್ಗ; ಗಂಡ ನೇಯುತ್ತಿದ್ದರು, ಹೆಂಡತಿ ನೂಲಿಗೆ ಗಂಜಿ ಕುಡಿಸಿ, ಹಾಸು ಹೂಡಿ, ಅಡ್ಡನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ನೂಲಿನ ಗಂಟು, ಸೀರೆಯ ಗಂಟು ಸಾಗಿಸಲು, ಸಂತೆಯ ದಿನ ಬಾಡಿಗೆ ಹೊಡೆಯಲು ಈ ಪಿಕಪ್ ಇಟ್ಟಿದ್ದರು. ಆಮೇಲೆ ಆಕೆಯ ಎರಡೂ ಕಿಡ್ನಿ ಕೈಕೊಟ್ಟವು. ವಾರದಲ್ಲಿ ಮೂರು ಸಲ ಬಾಗಲಕೋಟೆಗೆ ಹೋಗಿ ಮಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಪಾಳಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಬಸ್ಸಿದೆ, ಹೋಗುವಾಗ ಹೇಗೋ ಆದೀತು. ಬರುವಾಗ ಆಕೆಗೆ ಕುತ್ತಿಗೆ ಎತ್ತಿ ಕೂರುವ ಶಕ್ತಿ ಇರುವುದಿಲ್ಲ. ಹೀಗಾಗಿ ಸೀರೆ ಹೊರುತ್ತಿದ್ದ ಗಾಡಿ ಈಗ ಆಕೆಯನ್ನು ಹೊರುತ್ತಿತ್ತು. ಇಷ್ಟನ್ನು ಮಾಲೀಕರು ನಾನು ಬಾನೆಟ್ ಎತ್ತುವುದರೊಳಗೆ ಹೇಳಿ ಮುಗಿಸಿದರು.

ಚಹಾ ಅಲ್ಲಿಯೇ ಇಟ್ಟೆ. ಕೀ ತಿರುಗಿಸಿದೆ. ಮೀಟರಿನ ದೀಪಗಳು ಹತ್ತಿದವು. ಡೀಸೆಲ್ ಪಂಪಿನ ಮೇಲೆ ಒಂದು ಸಣ್ಣ ಸೋಲೆನಾಯ್ಡ್ ಇರುತ್ತದೆ. ಅದಕ್ಕೆ ಕರೆಂಟು ಸಿಗುತ್ತಿರುವ ತನಕ ಎಣ್ಣೆಯ ದಾರಿ ತೆರೆದಿರುತ್ತದೆ, ಕರೆಂಟು ತಪ್ಪಿದರೆ ದಾರಿ ಮುಚ್ಚಿ ಇಂಜಿನ್ ನಿಲ್ಲುತ್ತದೆ. ಅದರ ಮೇಲೆ ಬೆರಳಿಟ್ಟು ಕೀ ತಿರುಗಿಸಲು ಹೇಳಿದೆ. ಟಿಕ್ ಎಂದಿತು. ಸ್ಟಾರ್ಟರ್ ಹೊಡೆಯಲು ಹೇಳಿದೆ. ಗಾಡಿ ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಯಿತು.

ನಮ್ಮ ಕೆಲಸದಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಸುಟ್ಟ ವೈರನ್ನು ಹುಡುಕಬಹುದು, ಸತ್ತ ಬ್ಯಾಟರಿಯನ್ನು ಗುರುತಿಸಬಹುದು. ಬಂದು ಹೋಗುವ ದೋಷವನ್ನು ಎಲ್ಲಿ ಹಿಡಿಯುವುದು? ಬ್ರೇಕ್ ತುಳಿದಾಗ ಹಿಂದಿನ ಸಿಗ್ನಲ್ ದೀಪ ಸಣ್ಣಗೆ ಮಿಣುಕಿದ್ದನ್ನು ಕಂಡೆ. ಅರ್ಥಿಂಗ್ ಸರಿಯಿಲ್ಲ ಎಂಬುದಕ್ಕೆ ಅದು ಗುರುತು. ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದದ್ದು ಅದೇ: "ಕರೆಂಟ್ ಬರೂದಷ್ಟ ನೋಡಬ್ಯಾಡ, ಹೊಳ್ಳಿ ಹೋಗೂ ಹಾದಿನೂ ನೋಡು." ಇಂಜಿನ್ನಿನಿಂದ ಚಾಸಿಯ ಕಬ್ಬಿಣಕ್ಕೆ ಬರುವ ಅರ್ಥಿಂಗ್ ಪಟ್ಟಿ ಬಿಚ್ಚಿದೆ. ಬೋಲ್ಟಿನ ಕೆಳಗೆ ತುಕ್ಕಿನ ಪದರ. ಮರಳು ಕಾಗದ ಹಾಕಿ ಉಜ್ಜಿ, ಬಿಳಿ ಲೋಹ ಕಾಣಿಸಿದ ಮೇಲೆ ಗ್ರೀಸ್ ಸವರಿ ಬಿಗಿದೆ. ಸಿಗ್ನಲ್ ಮಿಣುಕುವುದು ನಿಂತಿತು. ಅವರು ಹೊರಟು ಹೋದರು.

"ಇಷ್ಟ ಲಗೂನ?" ಅಂದರು ಚಾಚಾ. "ಚಾ ಇನ್ನ ಬಿಸಿ ಐತಿ ನೋಡಲೇ."

ಬೀಗಿದೆ ಅಂತಲೇ ಇಟ್ಟುಕೊಳ್ಳಿ. ಹೆಚ್ಚು ದಿನ ಆಗಲಿಲ್ಲ, ಫೋನು ಬಂತು. "ಮಿಸ್ತ್ರಿ, ಅಮೀನಗಡದ ಈಚಿಗೆ ನಿಂತೇವಿ." ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಚಾಲೂ ಆಗಿದೆ, ಆವತ್ತು ಅರ್ಧ ಪಾಳಿ ಮಾತ್ರ ಸಿಕ್ಕಿತಂತೆ. ಮರಳುವಾಗ ಅಂಗಡಿಗೆ ತಂದು ನಿಲ್ಲಿಸಿದರು. ಈ ಸಲ ಕೀ ಸ್ವಿಚ್ಚಿನ ಮೇಲೆ ನನ್ನ ಅನುಮಾನ. ಬಿಚ್ಚಿ ನೋಡಿದರೆ ಒಳಗಿನ ಹಿತ್ತಾಳೆ ನಿಜಕ್ಕೂ ಸವೆದಿತ್ತು. ಹೊಸದು ಹಾಕಿದೆ. ಸೋಲೆನಾಯ್ಡಿನ ವೈರಿಗೆ ಮೀಟರ್ ಹಚ್ಚಿ ನೋಡಿದೆ, ಹನ್ನೆರಡು ವೋಲ್ಟ್ ಚೊಕ್ಕವಾಗಿ ತೋರಿಸಿತು. ಚಾಚಾನ ಹಳೆಯ ಟಯರುಗಳನ್ನು ಹಿಂದೆ ಹೇರಿಕೊಂಡು, ಏರಿನ ಜಾಗ ನೋಡಿ ನೋಡಿ, ಅಮೀನಗಡದ ತನಕ ಓಡಿಸಿ ಬಂದೆ. ನೆತ್ತಿಯ ಮೇಲೆ ಬಿಸಿಲು. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

ಮೂರನೆಯ ಸಲ ಕೆಟ್ಟದ್ದು ಹುನಗುಂದ ದಾಟಿದ ಮೇಲೆ, ಅಕ್ಕಪಕ್ಕದಲ್ಲಿ ಹೊಲ ಬಿಟ್ಟರೆ ಏನೂ ಇಲ್ಲದ ಜಾಗದಲ್ಲಿ. ಆ ಪಾಳಿ ಪೂರ್ತಿ ತಪ್ಪಿತು. ಮರುದಿನ ದವಾಖಾನೆಯವರು ನಡುವೆ ಜಾಗ ಮಾಡಿಕೊಟ್ಟರು. ಅಲ್ಲಿಗೆ ಹೋಗುವಾಗ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಆಕೆಯ ಮುಖ ಊದಿ ಕಣ್ಣುಗಳು ಸಣ್ಣಗಾಗಿದ್ದವು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು.

ಮಾಲೀಕರು ಇಳಿದು ಬಂದು ನನ್ನ ಎದುರು ನಿಂತರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

"ಮಿಸ್ತ್ರಿ, ನಿಮ್ಮ ಕಡೆ ಆಗಂಗಿಲ್ಲಂದ್ರ ಆಗಂಗಿಲ್ಲ ಅನ್ರಿ. ಇದು ಈಗ ಶೇಂಗಾ ಚೀಲ ಹೇರೂ ಗಾಡಿ ಅಲ್ಲ."

ಚಾಚಾ ನಡುವೆ ಬಂದರು. "ಬ್ಯಾರೆ ಕಡೆ ಹೋದಾಗೂ ಹಿಂಗ ನಿಲ್ತೈತೇನ್ರಿ?"

"ಅದ ನೋಡ್ರಿ! ಮೊನ್ನೆ ಚೊಳಚಗುಡ್ಡಕ್ಕ ಹೋಗಿ ಕಾಯಿಪಲ್ಲೆ ಹೇರಿಕೊಂಡು ಬಂದೆ. ಹುನಗುಂದ ಸಂತಿಗೆ ಹೋಗಿ ಬಂದೆ. ಏನಂದ್ರ ಏನೂ ಆಗಲಿಲ್ಲ. ದವಾಖಾನಿ ಹಾದಿ ಹಿಡದ್ರ ಅಷ್ಟ ನಿಲ್ತೈತಿ."

"ಗಾಡಿಗೂ ಸೂಜಿ ಅಂದ್ರ ಅಂಜಿಕಿ," ಅಂದರು ಆಕೆ ಒಳಗಿನಿಂದ. "ನನ್ನ ಕೂಡ ಇದ್ದು ಇದ್ದು ನನ್ನ ಗುಣಾನ ಬಂದೈತಿ ಅದಕ್ಕ." ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ನನ್ನನ್ನು ಹತ್ತಿರ ಕರೆದರು. "ತಮ್ಮಾ, ಒಂದು ಮಾತು ಹೇಳ್ತೇನಿ, ನಗಬ್ಯಾಡ. ಗಾಡಿ ನಿಲ್ಲೂಕಿಂತ ಮದಲ ರೊಟ್ಟಿ ಕರಕಾದ ವಾಸನಿ ಬರ್ತೈತಿ ನನಗ."

"ಆಕಿಗೆ ಡಾಕ್ಟರು ಬಾಯಿ ಕಟ್ಟ್ಯಾರ್ರಿ," ಅಂದರು ಗಂಡ. "ನೀರು ಸೈತ ಅಳದು ಕುಡೀಬೇಕು. ಹಸದ ಮೂಗಿಗೆ ಎಲ್ಲಾ ರೊಟ್ಟಿನ."

ನಾನೂ ಹೂಂಗುಟ್ಟಿದೆ. ವೈರು ಸುಟ್ಟರೆ ಪ್ಲಾಸ್ಟಿಕ್ಕಿನ ಘಾಟು, ಕ್ಲಚ್ ಸುಟ್ಟರೆ ಇನ್ನೊಂದು ಘಾಟು. ರೊಟ್ಟಿಯ ವಾಸನೆ ಬರುವ ಸಾಮಾನು ಯಾವ ಗಾಡಿಯಲ್ಲೂ ಇಲ್ಲ.

ಅವರು ಹೋದರು. ಅಂದು ಯಾವ ಕೆಲಸಕ್ಕೂ ಮನಸ್ಸು ಕೂಡಲಿಲ್ಲ. ಒಂದು ಟ್ರ್ಯಾಕ್ಟರಿನ ಡೈನಮೋ ಬಿಚ್ಚಿ ಹರವಿದವನು ಹಾಗೆಯೇ ಕುಳಿತಿದ್ದೆ. ನಾನು ನೋಡುವಾಗ ಗಾಡಿ ಸರಿಯಿರುತ್ತದೆ, ಅವರು ಹೋಗುವಾಗ ಕೆಡುತ್ತದೆ. ಅಂದ ಮೇಲೆ ಅವರ ಜೊತೆಗೇ ಹೋಗಬೇಕು. ಇಷ್ಟು ಸರಳವಾದದ್ದು ಮೂರು ಸಲ ಆಕೆ ರಸ್ತೆಯಲ್ಲಿ ಕುಳಿತ ಮೇಲೆ ಹೊಳೆಯಿತು. ಫೋನ್ ಮಾಡಿ ಹೇಳಿದೆ: "ಅಣ್ಣಾರ, ಮುಂದಿನ ಪಾಳಿಗೆ ನಾನೂ ಬರ್ತೇನಿ. ಇಳಕಲ್ಲದಿಂದನ ಕೂಡ್ತೇನಿ."

ಹಿಂದಿನ ದಿನವೇ ಹೋಗಿ ಇಳಕಲ್ಲಿನ ನಮ್ಮ ಸೋದರಮಾವನ ಮನೆಯಲ್ಲಿ ಉಳಿದೆ. ಕೋಳಿ ಕೂಗುವ ಹೊತ್ತಿಗೆ ನೇಕಾರರ ಓಣಿಗೆ ಹೋದಾಗ ಗಂಡ ಹೆಂಡತಿ ಇಬ್ಬರೂ ತಯಾರಾಗಿದ್ದರು. ಮಗ್ಗದ ಕೋಣೆಯ ಪಕ್ಕದ ಬಯಲಲ್ಲಿ, ನೂಲು ಒಣಹಾಕುವ ಬಿದಿರು ಗಳುಗಳ ಕೆಳಗೆ ಗಾಡಿ ನಿಂತಿತ್ತು. ಸ್ಟೇರಿಂಗಿಗೆ ಗಂಡ, ನಡುವೆ ಆಕೆ, ಬಾಗಿಲ ಕಡೆ ನಾನು. ತೊಡೆಯ ಮೇಲೆ ಮೀಟರು, ಕಾಲ ಬಳಿ ವೈರು ಫ್ಯೂಸು ತುಂಬಿದ ಚೀಲ. ಆಕೆಯ ಎಡಗೈ ಮಡಿಲಲ್ಲಿ ಮಗುವಿನ ಹಾಗೆ ಮಲಗಿತ್ತು. ಸೂಜಿ ಚುಚ್ಚಲೆಂದು ಆ ತೋಳಿನ ನರ ಕೂಡಿಸಿ ಆಪರೇಷನ್ ಮಾಡಿರುತ್ತಾರೆ, ಅದರ ಮೇಲೆ ಭಾರ ಬೀಳಬಾರದು.

"ಧಕ್ಕಿ ಹತ್ತತೈತೇನ್ರಿ ವೈನಿ?" ಎಂದು ಬಾಗಿಲಿಗೆ ಒತ್ತಿಕೊಂಡೆ.

"ಏನಿಲ್ಲ, ಮುಟ್ಟಿ ನೋಡು ಬೇಕಾದ್ರ. ನಿನ್ನ ಗಾಡ್ಯಾಗ ಕರೆಂಟ್ ಇರಂಗಿಲ್ಲ, ನನ್ನ ಕೈಯಾಗ ಐತಿ." ಆ ತೋಳಿನಲ್ಲಿ ರಕ್ತ ಜುಂ ಎನ್ನುತ್ತಿರುತ್ತದೆಯಂತೆ. ಅದು ನಿಂತರೆ ಓಡಿ ಬರಬೇಕೆಂದು ಡಾಕ್ಟರು ಹೇಳಿದ್ದಾರಂತೆ.

ಕತ್ತಲೆ ಇನ್ನೂ ಹರಿದಿರಲಿಲ್ಲ. ತುಂತುರು ಬೇರೆ. ಹೆಡ್‌ಲೈಟು, ವೈಪರು, ಗಾಜಿನ ಮಬ್ಬು ಹೋಗಲೆಂದು ಒಳಗಿನ ಫ್ಯಾನು, ಎಲ್ಲವೂ ಓಡುತ್ತಿದ್ದವು. ಹುನಗುಂದ ದಾಟಿತು. ಅಮೀನಗಡ ಹತ್ತಿರವಾಗುತ್ತಿತ್ತು. ರಸ್ತೆಯ ಮೇಲಿನ ಬೆಳಕು ಬಿಳಿಯಿಂದ ಹಳದಿಗೆ ತಿರುಗಿದಂತೆ ನನಗೆ ಅನಿಸಿತು. ಅನಿಸಿಕೆಯೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಆಕೆ ಬಲಗೈಯಿಂದ ನನ್ನ ಮೊಣಕೈ ಹಿಡಿದರು.

"ಬಂತು ನೋಡು."

ಮೂಗು ಅರಳಿಸಿದೆ. ಬಂದಿತ್ತು. ಹಂಚಿನ ಮೇಲೆ ಮರೆತ ಜೋಳದ ರೊಟ್ಟಿಯ ವಾಸನೆ, ಸಂಶಯವೇ ಇಲ್ಲ. ಇಂಜಿನ್ ಒಮ್ಮೆ ಜಗ್ಗಿತು.

"ಅಣ್ಣಾರ, ಬದಿಗೆ ತಗೋರ್ರಿ! ತಗೊಂಡು ಲೈಟ್ ಬಂದ್ ಮಾಡ್ರಿ. ವೈಪರ್, ಫ್ಯಾನ್ ಎಲ್ಲಾ ಬಂದ್ ಮಾಡ್ರಿ. ಇಂಜಿನ್ ಅಷ್ಟ ಬಿಡ್ರಿ!"

ಗಾಡಿ ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ದೀಪ ಆರಿದವು. ಸಾಯುತ್ತಿದ್ದ ಇಂಜಿನ್ ಮೂರ್ನಾಲ್ಕು ಸಲ ತಡವರಿಸಿ ಮತ್ತೆ ತನ್ನ ಲಯ ಹಿಡಿಯಿತು.

ಆಗ ಎಲ್ಲ ಒಟ್ಟಿಗೆ ಬಿಡಿಸಿಕೊಂಡಿತು. ಸಂತೆಗೆ ಅವರು ಬಿಸಿಲಲ್ಲಿ ಹೋಗುತ್ತಾರೆ, ನಾನು ಓಡಿಸಿ ನೋಡಿದ್ದೂ ಬಿಸಿಲಲ್ಲಿ. ದವಾಖಾನೆಗೆ ಮಾತ್ರ ಕತ್ತಲಲ್ಲಿ, ದೀಪ ಹಚ್ಚಿಕೊಂಡು. ಈ ಹಳೆಯ ಗಾಡಿಯಲ್ಲಿ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ದಪ್ಪ ಕೆಂಪು ವೈರು ಬರುತ್ತದೆ; ದೀಪ, ವೈಪರು, ಪಂಪಿನ ಸೋಲೆನಾಯ್ಡ್ ಎಲ್ಲವೂ ಉಣ್ಣುವುದು ಅದರಿಂದಲೇ. ಎಲ್ಲೋ ಆ ವೈರಿನ ಎಳೆಗಳು ಕಡಿದು ನಾಲ್ಕೈದೇ ಉಳಿದಿವೆ. ಭಾರ ಇಲ್ಲದಾಗ ಮೀಟರಿಗೆ ಹನ್ನೆರಡು ವೋಲ್ಟ್ ತೋರಿಸಲು ಒಂದೇ ಎಳೆ ಸಾಕು. ದೀಪದ ಭಾರ ಬಿದ್ದಾಗ ಆ ಜಾಗ ಕಾಯುತ್ತದೆ, ವೋಲ್ಟೇಜು ಕುಸಿಯುತ್ತದೆ, ಸೋಲೆನಾಯ್ಡ್ ಕೈಬಿಡುತ್ತದೆ. ನಿಂತು ಆರಿದ ಮೇಲೆ ಮತ್ತೆ ಸರಿ.

ಆದರೆ ರೊಟ್ಟಿ?

ಆಕೆಯ ಮೊಣಕಾಲಿನ ಮುಂದೆ ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದೆ. ವೈರುಗಳ ಕಟ್ಟು ಸಿಕ್ಕಿತು. ಒಂದು ಕಡೆ ಬೆರಳು ಚುರುಗುಟ್ಟಿತು. ಟಾರ್ಚ್ ಹಿಡಿದೆ. ಟೇಪ್ ಇರಲಿಲ್ಲ. ಇಡೀ ಕಟ್ಟಿಗೆ ಈ ತುದಿಯಿಂದ ಆ ತುದಿಯವರೆಗೆ ನೂಲು ಸುತ್ತಿತ್ತು. ಹೇಗೆ ಸುತ್ತಿತ್ತು ಅಂತೀರಿ! ಒಂದು ಸುತ್ತಿನ ಮೈಗೆ ಇನ್ನೊಂದು ಸುತ್ತು, ನಡುವೆ ಕೂದಲು ಹೋಗದಷ್ಟು ಒತ್ತಾಗಿ, ಅಲ್ಲಲ್ಲಿ ಕಣ್ಣಿಗೆ ಕಾಣದಂಥ ಗಂಟು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚಂದದ ವೈರಿನ ಕಟ್ಟು ಕಂಡಿರಲಿಲ್ಲ. ಚುರುಗುಟ್ಟಿದ ಜಾಗದಲ್ಲಿ ನೂಲು ಕಂದಿ ಕರ್ರಗಾಗಿತ್ತು.

"ಇದನ್ನ ಯಾರ ಸುತ್ತ್ಯಾರ್ರಿ?" ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

"ನಾನ," ಅಂದರು ಆಕೆ. ದನಿಯಲ್ಲಿ ಗೆಲುವಿತ್ತು. "ಟೇಪ್ ಬಿಸಿಲಿಗೆ ಕರಗಿ ವೈರೆಲ್ಲಾ ಜೋತು ಬಿದ್ದು ಮಣಕಾಲಿಗೆ ಬಡೀತಿದ್ದು. ಇವ್ರು ದವಾಖಾನಿ ಚೀಟಿ ಮಾಡಸಾಕ ಹೋದಾಗ ಕುಂತ ಕುಂತಲ್ಲೆ ಸುತ್ತಿದೆ. ಮಗ್ಗದಾಗ ಉಳದಿದ್ದ ಹಾಸಿನ ನೂಲು. ಚಂದ ಆಗೇತಿಲ್ಲ?"

ಹಾಸಿನ ನೂಲು ಅಂದರೆ ಸೀರೆಯ ಉದ್ದಕ್ಕೆ ಹೋಗುವ ನೂಲು. ಮಗ್ಗಕ್ಕೆ ಏರಿಸುವ ಮೊದಲು ಅದು ಗಟ್ಟಿಯಾಗಲೆಂದು ಗಂಜಿ ಕುಡಿಸುತ್ತಾರೆ. ಅವರ ಮನೆಯದು ಜೋಳದ ಹಿಟ್ಟಿನ ಗಂಜಿ. ಆ ಗಂಜಿಗೆ ಇಲಿ ಬರುತ್ತದೆ. ನೂಲಿನ ಜೊತೆ ವೈರಿನ ಮೈಯನ್ನೂ ಕಡಿಯುತ್ತದೆ. ಬರಿಮೈಯಾದ ತಾಮ್ರಕ್ಕೆ ತೇವ ಹೀರಿದ ನೂಲು ಅಂಟಿಕೊಂಡರೆ ಹಸಿರು ಕಿಲುಬು ತಿನ್ನುತ್ತದೆ. ಕೊನೆಗೆ ಅಲ್ಲಿ ಕಾವೇರಿದಾಗ ಗಂಜಿ ಸೀಯುತ್ತದೆ, ರೊಟ್ಟಿಯ ಹಾಗೆಯೇ.

"ಭಾಳ ಚಂದ ಆಗೇತ್ರಿ ವೈನಿ," ಅಂದೆ.

ಅಲ್ಲಿಯೇ, ತುಂತುರಿನಲ್ಲಿ, ಚೀಲದಿಂದ ಹೊಸ ದಪ್ಪ ವೈರು ತೆಗೆದು ನಡುವೆ ಫ್ಯೂಸು ಹಾಕಿ, ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ ಹೊರಗಿನಿಂದಲೇ ಎಳೆದೆ. ಹಳೆಯ ಕೆಂಪು ವೈರನ್ನು ಬ್ಯಾಟರಿಯ ಕಡೆಯಿಂದ ಕತ್ತರಿಸಿಬಿಟ್ಟೆ. ಅಷ್ಟರಲ್ಲಿ ಬೆಳಕು ಹರಿದಿತ್ತು. ದೀಪ ಹಚ್ಚದೆ ಹೋದೆವು. ಪಾಳಿ ಸಿಕ್ಕಿತು.

ಆಕೆ ಒಳಗೆ ಮಷಿನ್ನಿಗೆ ಹೋದ ಮೇಲೆ ದವಾಖಾನೆಯ ಅಂಗಳದಲ್ಲಿ ನಾನು ಡ್ಯಾಶ್‌ಬೋರ್ಡಿನ ಕೆಳಗಿನ ತಗಡು ಬಿಚ್ಚಿದೆ. ಒಂದು ಕೆಂಪು ವೈರಿನ ಮಾತಾಗಿರಲಿಲ್ಲ. ನೂಲನ್ನು ಬ್ಲೇಡಿನಿಂದ ಸೀಳುತ್ತ ಹೋದಂತೆ ಒಳಗೆ ಎಲ್ಲ ಕಡೆ ಇಲಿಯ ಹಲ್ಲು. ಹಳದಿ ವೈರಿನ ತಾಮ್ರ ಕಾಣುತ್ತಿದೆ, ಅದರ ಪಕ್ಕದಲ್ಲೇ ಕರಿ ವೈರಿನದೂ ಕಾಣುತ್ತಿದೆ; ನಡುವೆ ಇರುವುದು ಒಣಗಿದ ನೂಲು ಮಾತ್ರ. ಒಂದು ಕುಣಿಯಲ್ಲಿ ಗಾಡಿ ಜಿಗಿದರೆ ಎರಡೂ ಕೂಡಬಹುದು. ಕೂಡಿದರೆ ಬೆಂಕಿ. ಅದೂ ಆಕೆ ಕಾಲು ಚಾಚುವ ಜಾಗದಲ್ಲಿ, ಆಕೆ ಎದ್ದು ಇಳಿಯಲಾರದ ಹೊತ್ತಿನಲ್ಲಿ.

ಮಾಲೀಕರು ಕಲ್ಲಿನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. "ಹೊಸಾ ವೈರ್ ಹಾಕೀರಲ್ಲ, ಸಾಕಲ್ರಿ? ನಡೀತೈತಿ."

"ನಡೀತೈತ್ರಿ. ಎಷ್ಟ ದಿನಾ ಅಂತ ನಾ ಹೇಳಾಂಗಿಲ್ಲ." ಸೀಳಿದ ಕಟ್ಟನ್ನು ತೋರಿಸಿದೆ. ಅವರು ಬೆರಳಿನಿಂದ ಮುಟ್ಟಿ ನೋಡಿದರು, ನೂಲನ್ನು ಉಜ್ಜಿ ನೋಡಿದರು. ನೇಕಾರ ಮನುಷ್ಯ, ಬಾಕಿಯದನ್ನು ನಾನು ಹೇಳಬೇಕಾಗಲಿಲ್ಲ.

"ಆಕಿಗೆ ಹೇಳಬ್ಯಾಡ್ರಿ," ಅಂದರು.

"ಹೇಳಂಗಿಲ್ಲ. ಆದ್ರ ಗಾಡಿ ಕಮತಗಿ ಮುಟ್ಟಿದ ಮ್ಯಾಲ ನಾ ಬಿಡಂಗಿಲ್ಲ ಅಣ್ಣಾರ. ಪೂರಾ ವೈರಿಂಗ್ ಕಿತ್ತು ಹೊಸಾದು ಹಾಕಬೇಕು."

"ಮುಂದಿನ ಪಾಳಿಗೆ ಹೆಂಗ ಕರ್ಕೊಂಡು ಬರ್ಲಿ? ಗಾಡಿ ನಿಂತಿತು ಅಂತ ನಿಮ್ಮ ಕಡೆ ಬಂದ್ರ, ಈಗ ನೀವ ನಿಲ್ಲಸ್ತೀರಿ?"

ಅವರು ಹೇಳುವುದು ಸುಳ್ಳಲ್ಲ. ಎರಡು ಸಲ ಕೈಯಾಡಿಸಿ ಸೋತವನು ಈ ಸಲ ಗಾಡಿಯನ್ನೇ ಇಟ್ಟುಕೊಳ್ಳುತ್ತೇನೆ ಎಂದರೆ ಯಾರು ನಂಬಬೇಕು? ಹೊರಗೆಳೆದ ವೈರು ಎಷ್ಟೋ ದಿನ ಏನೂ ಆಗದೆ ಓಡಲೂಬಹುದು. ಆದರೂ ಆ ಕರಕಲು ನೂಲು ಕಂಡ ಮೇಲೆ ಕೀ ಕೈಗೆ ಕೊಡುವುದು ನನ್ನಿಂದ ಆಗುವಂತಿರಲಿಲ್ಲ. ಚಾಚಾನಿಗೆ ಫೋನ್ ಮಾಡಿದೆ. ಅವರ ಅಳಿಯನ ಹತ್ತಿರ ಬಾಡಿಗೆಗೆ ಓಡಿಸುವ ಕಾರಿದೆ. "ಮಗಳ ಗಂಡಗ ಹೇಳಾಕೇನು ಲಗ್ನಪತ್ರ ಬೇಕಾ? ಕಳಸ್ತೇನಿ," ಅಂದರು. ಮಾಲೀಕರು ಕೀಯನ್ನು ಕಟ್ಟೆಯ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ.

ಬರಿಮೈಯಾದ ವೈರುಗಳಿಗೆ ಸದ್ಯಕ್ಕೆ ಟೇಪ್ ಸುತ್ತಿ, ಮಧ್ಯಾಹ್ನ ಮೆಲ್ಲಗೆ ಓಡಿಸಿಕೊಂಡು ಕಮತಗಿಗೆ ಮರಳಿ ಬಂದೆವು. ಕಾರು ಬರುವ ತನಕ ಆಕೆಯನ್ನು ಚಾಚಾನ ಮಂಚದ ಮೇಲೆ ಮಲಗಿಸಿದರು. ನಾನು ಅವಸರದಲ್ಲಿ ಒಂದು ತಪ್ಪು ಮಾಡಿದೆ. ಸೀಳಿ ತೆಗೆದ ನೂಲನ್ನು ಮಂಚದ ಬದಿಯ ಕಸದ ಬುಟ್ಟಿಗೆ ಎಸೆದಿದ್ದೆ. ತಿರುಗಿ ನೋಡುವಷ್ಟರಲ್ಲಿ ಅದರ ಒಂದು ತುಂಡು ಆಕೆಯ ಬಲಗೈಯಲ್ಲಿತ್ತು. ಮೂಗಿಗೆ ಹಿಡಿದರು.

"ರೊಟ್ಟಿ," ಅಂದರು.

ಇಲಿ ಕಡಿದ ತುದಿಯನ್ನು ಬೆರಳಿನಿಂದ ಸವರಿದರು.

"ಗಂಜಿಗೆ ಇಲಿ ಬರ್ತಾವಂತ ಹಾಸಿನ ನೂಲನ್ನ ಅಟ್ಟಕ್ಕ ತೂಗಹಾಕಾಕಿ ನಾನ. ಗಾಡ್ಯಾಗ ಬರ್ತಾವಂತ ತಿಳೀಲಿಲ್ಲ ನೋಡು." ನೂಲನ್ನು ಬೆರಳಿಗೆ ಸುತ್ತುತ್ತ, "ನನ್ನ ಹಾದಿಗೆ ನಾನ ಅಡ್ಡ ಬಿದ್ನೆಲ್ಲ ತಮ್ಮಾ," ಅಂದರು.

"ಏನೂ ಆಗಿಲ್ಲ ಬಿಡ," ಅಂದರು ಗಂಡ, ಆಕೆಯ ಕಡೆ ನೋಡದೆ.

ಚಾಚಾ ಟ್ಯೂಬು ಉಜ್ಜುತ್ತಲೇ ಹೇಳಿದರು: "ನಿಮ್ಮ ಗಂಜಿ ಚಲೋ ಇತ್ತವ್ವ. ರುಚಿ ಇಲ್ಲಂದ್ರ ಇಲಿ ಸುಮ್ನ ಬರ್ತಾವೇನು? ನಮ್ಮ ಮನ್ಯಾಗ ನನ್ನ ಸೊಸಿ ಮಾಡಿದ್ದು ಬೆಕ್ಕೂ ಮೂಸಂಗಿಲ್ಲ."

ಆಕೆ ನಗಲಿಲ್ಲ. ಎಂದೂ ನಗದೆ ಬಿಟ್ಟವರಲ್ಲ. ಕಾರು ಬಂದಾಗ ಎದ್ದು ಹೋದರು.

ಹಳೆಯ ವೈರಿಂಗನ್ನು ಇಡಿಯಾಗಿ ಹೊರಗೆ ತೆಗೆದು ಹಲಗೆಯ ಮೇಲೆ ಹರವಿದೆ. ಅದರ ತಿರುವು ತಿರುವಿಗೆ ಮೊಳೆ ಹೊಡೆದೆ. ಒಂದೊಂದು ಹಳೆಯ ವೈರಿನ ಜಾಗದಲ್ಲಿ ಅದೇ ಬಣ್ಣದ ಹೊಸ ವೈರು ಮಲಗಿಸುತ್ತ ಬಂದೆ. ಹೆಡ್‌ಲೈಟಿಗೆ ಬೇರೆ ರಿಲೇ ಕೊಟ್ಟು ಅದರ ಭಾರ ಕೀ ಸ್ವಿಚ್ಚಿನ ಮೇಲೆ ಬೀಳದಂತೆ ಮಾಡಿದೆ. ಪಂಪಿನ ಸೋಲೆನಾಯ್ಡಿಗೆ ತನ್ನದೇ ಫ್ಯೂಸು. ಜೋಡಣೆಗಳನ್ನು ತಿರುಚಿ ಬಿಡದೆ ಬೆಸುಗೆ ಹಾಕಿ ರಬ್ಬರಿನ ಸ್ಲೀವ್ ತೊಡಿಸಿದೆ. ನಡುವೆ ಬಂದ ಪಾಳಿಗೆ ಚಾಚಾನ ಅಳಿಯನೇ ಅವರನ್ನು ಕರೆದೊಯ್ದ. ಅದರ ಮರುದಿನ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಆಕೆಯ ಕೈಯಲ್ಲಿ ಸಣ್ಣ ಗಂಟು.

"ಇದು ಗಂಜಿ ಕಾಣದ ನೂಲು," ಅಂದರು. "ಮೇಣ ತಿಕ್ಕೇನಿ, ಜೇನುಮೇಣ. ಇಲಿ ಮೂಗು ಮುರೀತೈತಿ ಇದಕ್ಕ. ನಾ ಕಟ್ಟಿ ಕೊಡ್ಲೇನು?"

"ಬ್ಯಾಡ," ಅಂದರು ಗಂಡ ಥಟ್ಟನೆ. "ಒಮ್ಮೆ ಆದದ್ದು ಸಾಕು."

ಆಕೆ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದರು. ನನ್ನ ಹತ್ತಿರ ಪ್ಲಾಸ್ಟಿಕ್ ಪಟ್ಟಿಗಳಿದ್ದವು, ಅವು ಸಾಕಾಗುತ್ತಿದ್ದವು. ನೂಲನ್ನು ಇಸಿದುಕೊಂಡು ಉಗುರಿನಿಂದ ಗೀರಿದೆ, ನೀರು ಹನಿಸಿದೆ. ಹನಿ ನಿಲ್ಲದೆ ಜಾರಿತು. ಬೆಂಕಿ ಕಡ್ಡಿ ಗೀರಿ ಹಿಡಿದರೆ ಅದೂ ನೂಲೇ, ಹತ್ತಿತು. ಅದಕ್ಕಾಗಿ ವೈರುಗಳಿಗೆಲ್ಲ ಮೊದಲು ಪ್ಲಾಸ್ಟಿಕ್ಕಿನ ಕೊಳವೆ ತೊಡಿಸಿದೆ. "ವೈನಿ, ಪೂರಾ ಸುತ್ತಬ್ಯಾಡ್ರಿ. ಗೇಣಿಗೊಂದು ಕಟ್ಟು ಸಾಕು. ಕೊಳವಿ ಮ್ಯಾಲ ಅಷ್ಟ," ಅಂದೆ.

ಹಲಗೆಯನ್ನು ಮಂಚದ ಮುಂದೆ ತಂದಿಟ್ಟೆ. ಎಡಗೈಗೆ ಭಾರ ಕೊಡುವಂತಿಲ್ಲ. ನೂಲಿನ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಹಿಡಿದು, ಬಲಗೈಯಿಂದ ಕಟ್ಟಿದರು. ಮೊದಲ ಗಂಟು ಜಾರಿತು. ಗಂಡ ಅಲ್ಲಿಯ ತನಕ ರಸ್ತೆ ನೋಡುತ್ತ ನಿಂತಿದ್ದವರು ಬಂದು ಕೆಳಗೆ ಕುಳಿತರು, ಎಡಗೈಯ ಕೆಲಸಕ್ಕೆ ತಮ್ಮ ಕೈ ಕೊಟ್ಟರು. ಆಮೇಲೆ ಇಬ್ಬರೂ ಕಟ್ಟುತ್ತ ಹೋದರು. ಆಕೆ ಗಂಟು ಹಾಕುವುದು, ಅವರು ಬಿಗಿಯುವುದು.

"ಸಡ್ಲ ಆತು," ಅಂದರು ಆಕೆ ಒಂದು ಕಡೆ.

"ಏನೂ ಆಗಿಲ್ಲ."

"ಸಡ್ಲ ಆಗೇತಂತ ಹೇಳಾಕತ್ತೇನಿ. ನೇಯೂದು ನಿಮಗ ಬರತಿದ್ದೀತು, ಬಿಗಿಯೂದು ನನಗ ಗೊತ್ತು."

ವೈರಿಂಗ್ ಗಾಡಿಗೆ ಏರಿಸಿ, ದೀಪ, ವೈಪರು, ಫ್ಯಾನು ಎಲ್ಲ ಒಟ್ಟಿಗೆ ಹಚ್ಚಿ ಇಂಜಿನ್ ಓಡಿಸಿ ಬಿಟ್ಟೆ. ಈ ಸಲ ಬರೀ ಮೀಟರನ್ನು ನಂಬಲಿಲ್ಲ. ಒಂದು ಹೆಡ್‌ಲೈಟ್ ಬಲ್ಬನ್ನು ಸೋಲೆನಾಯ್ಡಿನ ವೈರಿಗೆ ಭಾರವಾಗಿ ಕಟ್ಟಿ ನೋಡಿದೆ. ಬಿಳಿಯಾಗಿಯೇ ಉರಿಯಿತು. ಕಟ್ಟಿನ ಮೇಲೆ ತುದಿಯಿಂದ ತುದಿಗೆ ಕೈಯಾಡಿಸಿದೆ. ಎಲ್ಲಿಯೂ ಬಿಸಿ ಇರಲಿಲ್ಲ. ಆಕೆ ಕ್ಯಾಬಿನ್ನಿನಲ್ಲಿ ಕುಳಿತು ಮೂಗೆಳೆದರು. "ಬರೀ ಮೇಣದ ವಾಸನಿ," ಅಂದರು.

ಮುಂದಿನ ಪಾಳಿಯ ಬೆಳಿಗ್ಗೆ ಬೇಗ ಎದ್ದು ರಸ್ತೆಯ ಬದಿಗೆ ಬಂದು ನಿಂತೆ. ಕತ್ತಲೆಯಲ್ಲಿ ಎರಡು ಬಿಳಿ ದೀಪ ಬಂದವು. ಗಾಡಿ ನಿಲ್ಲಲಿಲ್ಲ, ಒಮ್ಮೆ ಹಾರ್ನ್ ಹೊಡೆದು ಮುಂದೆ ಹೋಯಿತು. ಅಂದಿನಿಂದ ಅದೊಂದು ರೂಢಿಯಾಯಿತು. ಪಾಳಿಯ ದಿನ ಬೆಳಗಾಗುವ ಮೊದಲು ಒಂದು ಹಾರ್ನ್. ನಾನು ಹಾಸಿಗೆಯಲ್ಲೇ ಮಗ್ಗುಲು ಬದಲಿಸುತ್ತಿದ್ದೆ.

ತಿಂಗಳುಗಳು ಕಳೆದ ಮೇಲೆ ಒಂದು ಪಾಳಿಯ ದಿನ ಹಾರ್ನ್ ಕೇಳಲಿಲ್ಲ. ನಿದ್ದೆ ಬಂದಿರಬಹುದು ಎಂದುಕೊಂಡೆ. ಚಾಚಾನನ್ನು ಕೇಳಿದೆ, ಅವರೂ ಕೇಳಿಲ್ಲ ಅಂದರು. ಫೋನ್ ಹಚ್ಚಲು ಧೈರ್ಯ ಸಾಲಲಿಲ್ಲ. ಒಂದು ಬೈಕಿನ ಸಿಗ್ನಲ್ ಕೆಲಸ ಹಿಡಿದು ಮಧ್ಯಾಹ್ನದ ತನಕ ಅದನ್ನೇ ಬಿಚ್ಚಿ ಕಟ್ಟುತ್ತಿದ್ದೆ.

ಬಿಸಿಲು ಏರಿದ ಮೇಲೆ ಬಾಗಲಕೋಟೆಯ ಕಡೆಯಿಂದ ಪಿಕಪ್ ಬಂದು ಬೇವಿನ ಗಿಡದ ಕೆಳಗೆ ನಿಂತಿತು. ಮಾಲೀಕರು ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ತಳ್ಳಿ ಇಳಿದರು.

"ಹಾರ್ನ್ ಬಂದ್ ಆಗೇತ್ರಿ ಮಿಸ್ತ್ರಿ," ಅಂದರು ಮೆಲ್ಲಗೆ.

ಬಾನೆಟ್ ಎತ್ತಿದೆ. ಹಾರ್ನಿನ ತುದಿಯ ಒಂದು ಕ್ಲಿಪ್ ಕಳಚಿತ್ತು, ಅಷ್ಟೇ. ಒತ್ತಿ ಕೂರಿಸಿದೆ. ಬಾರಿಸಿ ನೋಡಲು ಕಿಟಕಿಯೊಳಗೆ ಕೈ ಹಾಕಿದವನು ಹಾಗೆಯೇ ನಿಂತೆ. ಆಕೆ ಸೀಟಿನ ಮೇಲೆ ಅಡ್ಡಾಗಿ, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, ಬಾಯಿ ತುಸು ತೆರೆದು ನಿದ್ದೆ ಮಾಡುತ್ತಿದ್ದರು.

ಕೈ ಹಿಂದಕ್ಕೆ ತೆಗೆದುಕೊಂಡೆ. ಚಾಚಾ ಹವಾ ತುಂಬುವ ಮಷಿನ್ ಬಂದ್ ಮಾಡಿದರು. ಮೂವರೂ ಗಿಡದ ಕೆಳಗೆ ಕುಳಿತು ಚಹಾ ಕುಡಿದೆವು. ಆಕೆ ಎದ್ದ ಮೇಲೆ ಹಾರ್ನ್ ಬಾರಿಸಿ ನೋಡಿದೆವು.